ಕಂಡಕ್ಟರಮ್ಮ ರೈಟ್ ಕೊಡದ ನಾಲ್ಕು ದಿನ

ಕಂಡಕ್ಟರಮ್ಮನಿಗೆ ಹದಿನಾಲ್ಕು ತಿಂಗಳ ಸಂಬಳ ಬರಬೇಕು. ತಿಂಗಳಿಗೆ ಆರು ಸಾವಿರ. ಕೊಡಬೇಕಾದವನು ಬಸ್ ಡಿಪೋದ ಮ್ಯಾನೇಜರ್ ಇರಬೇಕು ಅಂತ ನೀವು ಅಂದುಕೊಂಡರೆ ಅದರಲ್ಲಿ ತಪ್ಪಿಲ್ಲ. ಆ ಡಿಪೋದ ಗೇಟಿನ ಮುಂದೆ ಬಾಕಿ ಕೇಳುತ್ತಾ ಕೂತೇ ನನ್ನ ಅರ್ಧ ಆಯುಷ್ಯ ಸವೆದಿದೆ. ಈ ಬಾಕಿ ಮಾತ್ರ ಡಿಪೋದ್ದಲ್ಲ. ಇಪ್ಪತ್ತಾರು ವರ್ಷದ ಒಬ್ಬ ಯುವಕ ಕೊಡಬೇಕಾದದ್ದು. ಅವನು ತನ್ನ ಕೋಣೆಯಲ್ಲಿ ಕೂತು, ಕಂಪ್ಯೂಟರಿನೊಳಗೆ, ಇಲ್ಲದ ರಸ್ತೆಯ ಮೇಲೆ ಇಲ್ಲದ ಬಸ್ಸು ಓಡಿಸುತ್ತಾನೆ. ಸಾವಿರಾರು ಜನ ತಮ್ಮ ತಮ್ಮ ಫೋನುಗಳಲ್ಲಿ ಅದನ್ನು ಲೈವ್ ಆಗಿ ನೋಡುತ್ತಾರೆ. ಬಸ್ಸು ಸುಳ್ಳು, ರಸ್ತೆ ಸುಳ್ಳು. ಆಕೆ ಅಲ್ಲಿ ಎತ್ತಿ ಹಾಕಿದ ಹೊಲಸು ಮಾತ್ರ ನಿಜ.

ಇಪ್ಪತ್ತೇಳು ವರ್ಷ ಆಕೆ ನಿಜವಾದ ಬಸ್ಸಿನಲ್ಲಿ ಟಿಕೆಟ್ ಹರಿದವಳು. ನಾನು ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ, ಸಂಘದ ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದ್ದೆ. ಹತ್ತೊಂಬತ್ತು ದಿನ ಸ್ಟ್ರೈಕ್ ನಡೆದಾಗ ಗೇಟು ಕಾದವಳು ಆಕೆ. ಕುಡಿದು ಹತ್ತುವವರು, ಬೇಕಂತಲೇ ಮೈ ತಾಗಿಸುವವರು, ಚಿಲ್ಲರೆಗೆ ಜಗಳ ತೆಗೆಯುವವರು, ಎಲ್ಲರಿಗೂ ಆಕೆಯ ಹತ್ತಿರ ಒಂದೇ ಕ್ರಮ. 'ಮೊದಲು ಕಣ್ಣು, ಆಮೇಲೆ ಬಾಯಿ, ಕೊನೆಗೆ ಬಾಗಿಲು' ಅನ್ನುತ್ತಿದ್ದಳು. ಮೊದಲು ದಿಟ್ಟಿಸಿ ನೋಡುವುದು. ಬಗ್ಗದಿದ್ದರೆ ಇಡೀ ಬಸ್ಸಿಗೆ ಕೇಳುವ ಹಾಗೆ ಬಾಯಿ ಬಿಡುವುದು. ಅದಕ್ಕೂ ಬಗ್ಗದಿದ್ದರೆ ಹೋಲ್ಡಾನ್ ಕೊಟ್ಟು ಇಳಿಸುವುದು. ಗೇಟಿನಲ್ಲೂ ಅದನ್ನೇ ಮಾಡಿದಳು. ಕದ್ದು ಕೆಲಸಕ್ಕೆ ನುಸುಳಲು ಬಂದ ಒಬ್ಬ ಡ್ರೈವರ್ ಆಕೆಯ ಕಣ್ಣಿಗೇ ಹೆದರಿ, ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದ್ದನ್ನು ನಾನು ನೋಡಿದ್ದೇನೆ. ಡಬ್ಬಿಯನ್ನು ಸಂಜೆ ಆಕೆಯೇ ಅವನ ಮನೆಗೆ ತಲುಪಿಸಿದಳು. ತೊಳೆದು.

ಒಂದು ದಿನ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಆಕೆಯ ಮಂಡಿ ಸೀಟಿನ ಕಬ್ಬಿಣಕ್ಕೆ ಬಡಿಯಿತು, ಚಿಪ್ಪು ಬಿರುಕು ಬಿಟ್ಟಿತು. ಆರು ತಿಂಗಳ ಮೇಲೆ ಕೆಲಸಕ್ಕೆ ಬಂದಾಗ 'ಇನ್ನು ನಿಂತು ಮಾಡೋ ಕೆಲಸ ಆಗಲ್ಲ' ಅಂತ ಹೇಳಿ ಕಳೆದ ವಸ್ತುಗಳ ಕೌಂಟರಿಗೆ ಹಾಕಿದರು. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆ. ಗೋಡೆ ತುಂಬ ಕೊಡೆಗಳು, ಡಬ್ಬಿಗಳು, ಒಂಟಿ ಚಪ್ಪಲಿಗಳು, ಕನ್ನಡಕಗಳು. ಪ್ರತಿಯೊಂದಕ್ಕೂ ಚೀಟಿ: ಯಾವ ಬಸ್ಸು, ಯಾವ ಸೀಟು, ಯಾವ ದಿನ. ಒಮ್ಮೆ ಒಬ್ಬ ಮುದುಕ ಹಲ್ಲಿನ ಸೆಟ್ಟು ನನ್ನದು ಅಂತ ಬಂದ. 'ಹಾಕಿ ತೋರಿಸಿ' ಅಂದಳು. ಅವನು ಹಾಕಿಕೊಂಡು ನಕ್ಕ. 'ಸರಿ, ನಿಮ್ಮದೇ, ಸಹಿ ಹಾಕಿ' ಅಂದಳು. ಅಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಕೂತರೆ ಹತ್ತು ಜನ ಬಂದರೆ ಹೆಚ್ಚು. ದಿನಕ್ಕೆ ಸಾವಿರ ಮುಖ ನೋಡುತ್ತಿದ್ದವಳಿಗೆ ಕೊಡೆಗಳ ಜೊತೆ ಸಂಸಾರ.

ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಆ ವರ್ಷ ಸೊಂಟ ಹಿಡಿದುಕೊಂಡು ಹದಿನೈದು ದಿನ ಮಲಗಿದ್ದ. ಒಂದು ಸಂಜೆ ಆಕೆ ಮನೆಗೆ ಬಂದರೆ ಅವನು ಫೋನಿಗೆ ಕಣ್ಣು ನೆಟ್ಟಿದ್ದ.

'ಏನ್ರೀ ಅದು, ಬಸ್ಸಿನ ಸದ್ದು?'

'ಬಾರೇ ಇಲ್ಲಿ. ಯಾರೋ ಬಸ್ಸು ಓಡಿಸ್ತಾನೆ ನೋಡು. ನಿಮ್ಮ ಡಿಪೋದವರಿಗಿಂತ ವಾಸಿ.'

ಆಕೆ ನಿಂತು ನೋಡಿದಳು. ಪರದೆಯ ಮೂಲೆಯಲ್ಲಿ ಒಬ್ಬ ಯುವಕನ ಮುಖ, ಕಿವಿಗೆ ದೊಡ್ಡ ಹೆಡ್‌ಫೋನು. ಮಾತು ಮಾತಿಗೂ ಹಾರನ್ ಹೊಡೆಯುತ್ತಿದ್ದ, ಅದಕ್ಕೆ ನೋಡುವವರು ಅವನಿಗೆ ಹಾರನ್ ಅಂತಲೇ ಹೆಸರಿಟ್ಟಿದ್ದರು. ಆಗ ಇನ್ನೂ ನೋಡುಗರು ಇನ್ನೂರೋ ಮುನ್ನೂರೋ. ಬಸ್ಸು ಒಂದು ಸ್ಟಾಪ್ ದಾಟಿ ಮುಂದೆ ಹೋಯಿತು. ಕಂಡಕ್ಟರಮ್ಮ ಗಂಡನ ಕೈಯಿಂದ ಫೋನ್ ಕಿತ್ತುಕೊಂಡು ಒಂದೇ ಬೆರಳಲ್ಲಿ ಬರೆದಳು: 'ಸ್ಟಾಪ್‌ನಲ್ಲಿ ಅಜ್ಜಿ ನಿಂತಿದ್ದಳು. ಕಣ್ಣು ಕಾಣಲ್ವಾ?'

ಹಾರನ್ ಓದಿ ನಕ್ಕ. 'ಅಮ್ಮಾ, ಅದು ಗೇಮ್‌ನಲ್ಲಿರೋ ಅಜ್ಜಿ.'

'ಅಜ್ಜಿ ಅಜ್ಜಿಯೇ. ನಿಲ್ಲಿಸು.'

ಅವನು ನಿಲ್ಲಿಸಿದ. ಅಷ್ಟೇ ಅಲ್ಲ, ಆ ಉದ್ದದ ಬಸ್ಸನ್ನು ಹಿಂದಕ್ಕೆ, ಹಿಂದಕ್ಕೆ, ಮೂರು ಕಾರುಗಳಿಗೆ ಉಜ್ಜಿಕೊಂಡು ಸ್ಟಾಪಿನವರೆಗೆ ತಂದು ಬಾಗಿಲು ತೆರೆದ. ಅಜ್ಜಿ ಹತ್ತಿದಳು. ನೋಡುಗರು ಬಿದ್ದು ಬಿದ್ದು ನಕ್ಕರು. 'ಇವರ್ಯಾರೋ ಅಸಲಿ ಕಂಡಕ್ಟರ್ ಇರಬೇಕು' ಅಂತ ಒಬ್ಬ ಬರೆದ. 'ಹೌದು' ಅಂತ ಆಕೆ ಬರೆದಳು. ಮಾರನೆಯ ದಿನವೇ ಹಾರನ್ ಆಕೆಗೆ ಚಾಟಿನ ಕಾವಲು ಕೊಟ್ಟ. ನೋಡುತ್ತಾ ನೋಡುತ್ತಾ ಜನ ಬರೆಯುವ ಮಾತುಗಳ ಸಾಲಿಗೆ ಚಾಟ್ ಅನ್ನುತ್ತಾರೆ. ಅಲ್ಲಿ ಬೈಗುಳ ಬರೆದವರನ್ನು ಅಳಿಸುವುದು, ಕೇಳದಿದ್ದರೆ ಹೊರಗೆ ಹಾಕುವುದು ಕಾವಲಿನವರ ಕೆಲಸ.

ಸಂಜೆ ನಾಲ್ಕರಿಂದ ಎಂಟರವರೆಗೆ, ವಾರಕ್ಕೆ ಆರು ದಿನ. ಅಡುಗೆಮನೆಯ ಮೇಜಿಗೆ ಫೋನ್ ಒರಗಿಸಿ, ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂರುತ್ತಿದ್ದಳು. ಆಕೆ 'ರೈಟ್ ರೈಟ್' ಅಂತ ಬರೆಯುವವರೆಗೆ ಹಾರನ್ ಬಸ್ಸು ಹೊರಡಿಸುತ್ತಿರಲಿಲ್ಲ. ಅದೇ ಅಲ್ಲಿಯ ಪದ್ಧತಿಯಾಯಿತು. ನೋಡುಗರು ತಮ್ಮನ್ನು ಪ್ರಯಾಣಿಕರು ಅಂತ ಕರೆದುಕೊಂಡರು. ಹತ್ತಿದವರನ್ನೆಲ್ಲ ಆಕೆ ಅವರವರು ಇಟ್ಟುಕೊಂಡ ಸೀಟಿನ ಹೆಸರು ಹಿಡಿದು ವಿಚಾರಿಸುತ್ತಿದ್ದಳು: 'ಕಿಟಕಿ ಪಕ್ಕ, ಜ್ವರ ಬಿಡ್ತಾ? ಹಿಂದಿನ ಸೀಟು, ಹತ್ತಿದ್ಯಾ? ಒಳಗೆ ಹೋಗಿ ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ.' ಚಾಟಿನಲ್ಲಿ ಕಣ್ಣು ಬಿಟ್ಟು ಹೆದರಿಸುವಂತಿಲ್ಲವಲ್ಲ, ಅದಕ್ಕೆ ಆಕೆ ಒಂದು ಉಪಾಯ ಕಂಡುಕೊಂಡಳು. ಯಾರಾದರೂ ಹದ್ದು ಮೀರಿದರೆ ಬರೀ ಒಂದು ಚುಕ್ಕಿ ಇಡುತ್ತಿದ್ದಳು. ಆ ಚುಕ್ಕಿ ಆಕೆಯ ಕಣ್ಣು. ಚುಕ್ಕಿ ಬಿತ್ತೆಂದರೆ ಮೀಸೆ ತಿರುವುತ್ತಿದ್ದವರೂ 'ಸಾರಿ ಅಮ್ಮಾ' ಅಂತ ಬರೆದು ಸುಮ್ಮನಾಗುತ್ತಿದ್ದರು.

ಇನ್ನೂರು ಎರಡು ಸಾವಿರವಾಯಿತು, ಇಪ್ಪತ್ತು ಸಾವಿರವಾಯಿತು. ಕಾವಲಿಗೆ ಇನ್ನೂ ನಾಲ್ವರು ಬಂದರು. ಅವರಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳು ಕಂಡಕ್ಟರಮ್ಮನಿಗೆ ಹೆಚ್ಚು ಹತ್ತಿರ.

ಈ ಪ್ರಯಾಣಿಕರ ಪ್ರೀತಿಯ ಬಗ್ಗೆ ಎರಡು ಮಾತು ಹೇಳಬೇಕು. ನಾನು ಸಭೆಗಳಲ್ಲಿ ಜೈಕಾರ ಕೇಳಿ ಕೇಳಿ ಕಿವಿ ತೂತು ಮಾಡಿಕೊಂಡವನು, ಹಾಗಾಗಿ ನನಗೆ ಇದು ಹೊಸದೇನಲ್ಲ. 'ಹಾರನ್ ಅಣ್ಣಾ, ನಿನಗಾಗಿ ಪ್ರಾಣ ಕೊಡ್ತೀವಿ' ಅಂತ ದಿನಾ ಬರೆಯುತ್ತಿದ್ದರು. ಒಂದು ವಾರ ಅವನಿಗೆ ಬಸ್ಸು ಬೇಜಾರಾಗಿ ಲಾರಿ ಓಡಿಸಿದ. ಅಷ್ಟಕ್ಕೇ ಮೂರು ಸಾವಿರ ಜನ ಇಳಿದು ಹೋದರು. ಪ್ರಾಣ ಕೊಡುತ್ತೇವೆ ಅಂದವರೇ ಅವನ ಮೂಗು, ಅವನ ತಾಯಿ, ಅವನು ಹುಟ್ಟಿದ ಗಳಿಗೆ, ಎಲ್ಲವನ್ನೂ ಎಳೆದು ಬೈದರು. ಆ ಬೈಗುಳಗಳನ್ನು ಓದಿದವಳು ಕಂಡಕ್ಟರಮ್ಮ. ಒಂದೊಂದಾಗಿ ಓದಿ, ಒಂದೊಂದಾಗಿ ಅಳಿಸಿದಳು. ಅವನ ಕಣ್ಣಿಗೆ ಬಿದ್ದದ್ದು ಹೂವು, ಹೃದಯ, ಜೈಕಾರ ಮಾತ್ರ. ವಾರದ ಕೊನೆಗೆ ಅವನು 'ನಮ್ಮ ಪ್ರಯಾಣಿಕರು ಎಷ್ಟು ಒಳ್ಳೆಯವರು ಅಲ್ವಾ ಅಮ್ಮಾ' ಅಂದ. ಆಕೆ ನಕ್ಕಳು. ನನಗೆ ಹೇಳುವಾಗ ಮಾತ್ರ 'ಕಕ್ಕಸು ತೊಳೆದವಳಿಗೆ ಗೊತ್ತು ಮನೆಯವರು ಎಷ್ಟು ಒಳ್ಳೆಯವರು ಅಂತ' ಅಂದಳು.

ಚಾನೆಲ್ಲಿಗೆ ಸೇರಿದವರು ಒಂದು ಲಕ್ಷ ದಾಟಿದ ದಿನ ಹಾರನ್ ಲೈವ್‌ನಲ್ಲೇ ಅತ್ತ. 'ಇವತ್ತಿಂದ ನನ್ನ ಐದು ಜನ ಕಾವಲಿನವರಿಗೆ ತಿಂಗಳಿಗೆ ಆರಾರು ಸಾವಿರ ಸಂಬಳ. ಇದು ನನ್ನ ಮಾತು' ಅಂದ. ಚಪ್ಪಾಳೆಯ ಸುರಿಮಳೆ. ಗಂಡ ಆ ದಿನ ಅಂಗಡಿಯಿಂದ ಕೇಕು ತಂದ.

ಮೊದಲ ತಿಂಗಳು ಬರಲಿಲ್ಲ. ಎರಡನೆಯದೂ ಬರಲಿಲ್ಲ. ನಾನು ಆಕೆಯ ಮನೆಗೆ ಟೀ ಕುಡಿಯಲು ಹೋದಾಗಲೆಲ್ಲ ಚುಚ್ಚುತ್ತಿದ್ದೆ.

'ಏನಮ್ಮಾ, ಡಿಪೋದಲ್ಲಿ ಹತ್ತು ನಿಮಿಷ ಹೆಚ್ಚು ದುಡಿಸಿದ್ರೆ ಮ್ಯಾನೇಜರ್ ಟೇಬಲ್ ಗುದ್ದುತ್ತಿದ್ದೆ. ಇಲ್ಲಿ ದಿನಕ್ಕೆ ನಾಲ್ಕು ಗಂಟೆ ಪುಕ್ಕಟೆ.'

'ಅದು ಕೆಲಸ ಅಣ್ಣಾ. ಇದು ಹಾಗಲ್ಲ.'

'ಇದೇನು ಮತ್ತೆ? ಹರಕೆನಾ?'

ಆಕೆ ಟೀ ಲೋಟವನ್ನು ನನ್ನ ಮುಂದೆ ಕುಕ್ಕಿದಳು. 'ಸಂಘಕ್ಕೆ ಹದಿನೆಂಟು ವರ್ಷ ದುಡಿದೆ, ಗೇಟು ಕಾದೆ. ಕಮಿಟಿಯಲ್ಲಿ ಒಂದು ಕುರ್ಚಿ ಕೊಟ್ರಾ ನೀವು? ಸಭೆ ಮುಗಿದ ಮೇಲೆ ಲೋಟ ತೊಳೆಯೋಕೆ ಮಾತ್ರ ನನ್ನ ನೆನಪಾಗ್ತಿತ್ತು. ಈಗ ಬಂದುಬಿಟ್ರು ಸಂಬಳದ ಪಾಠ ಹೇಳೋಕೆ.'

ಗಂಡ ಒಳಗಿನಿಂದ ಕಿಸಕ್ಕನೆ ನಕ್ಕ. ಆ ದಿನ ನನ್ನ ಲೋಟ ನಾನೇ ತೊಳೆದಿಟ್ಟು ಬಂದೆ.

ಆಕೆ ಬಾಯಿ ಬಿಡದಿದ್ದದ್ದು ಯಾಕೆ ಅನ್ನುವುದು ನನಗೆ ಗೊತ್ತಿತ್ತು. ಮಂಡಿ ಹೋದ ಮೇಲೆ ಆಕೆಯನ್ನು ಕಂಡಕ್ಟರ್ ಅಂತ ಕರೆಯುವ ಜಾಗ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಡಿಪೋದ ಹೊಸ ಹುಡುಗಿಯರಿಗೆ ಆಕೆ ಕೊಡೆ ಕೊಡುವ ಹೆಂಗಸು. ಸಂಬಳ ಕೇಳಿದರೆ ಜಾಗ ಹೋಗಬಹುದು. ಕೇಳದಿದ್ದರೆ ಜಾಗ ಇರುತ್ತದೆ, ಆದರೆ ಅದರಲ್ಲಿ ಕೂತವಳು ಗೇಟು ಕಾದ ಹೆಂಗಸಾಗಿ ಉಳಿಯುವುದಿಲ್ಲ. ಹದಿನಾಲ್ಕು ತಿಂಗಳು ಆಕೆ ಜಾಗವನ್ನೇ ಆರಿಸಿಕೊಂಡಳು.

ಬಾಯಿ ಬಿಡಿಸಿದವನು ಹಾರನ್ನೇ. ಅದೂ ಹೊಗಳಿ.

ಯಾವುದೋ ಕಂಪನಿಯವರು ಅವನಿಗೆ ಹೊಸ ಸೀಟು, ಹೊಸ ಸ್ಟೇರಿಂಗು ಕಳಿಸಿದ್ದರು. ಅದನ್ನು ತೋರಿಸುತ್ತಾ ಅವನಿಗೆ ಹೃದಯ ತುಂಬಿ ಬಂತು. 'ನೋಡಿ, ದುಡ್ಡು ಬರುತ್ತೆ ಹೋಗುತ್ತೆ. ನಮ್ಮ ಕಂಡಕ್ಟರಮ್ಮನ್ನ ನೋಡಿ. ಇಷ್ಟು ವರ್ಷ ಒಂದು ಪೈಸೆ ಮುಟ್ಟಿಲ್ಲ. ಬರೀ ಪ್ರೀತಿಗೆ ಮಾಡ್ತಾರೆ. ಇಂಥವರಿಗೆ ಸಂಬಳ ಕೊಟ್ರೆ ಅವಮಾನ ಮಾಡಿದ ಹಾಗೆ.' ಪ್ರಯಾಣಿಕರು ಹೃದಯಗಳನ್ನು ಸುರಿದರು. ಅಮ್ಮಾ ಅಮ್ಮಾ ಅಮ್ಮಾ ಅಂತ ಸಾಲುಗಟ್ಟಿತು.

ಆ ಸಾಲಿನ ನಡುವೆ ಕಂಡಕ್ಟರಮ್ಮ ಒಂದು ಚುಕ್ಕಿ ಇಟ್ಟಳು.

ಚುಕ್ಕಿ ಯಾರಿಗೆ ಅಂತ ಮೊದಲು ಯಾರಿಗೂ ತಿಳಿಯಲಿಲ್ಲ. 'ಅಮ್ಮಾ, ನಾನೇನು ಮಾಡಿದೆ?' ಅಂತ ಏಳೆಂಟು ಜನ ಗಾಬರಿಯಿಂದ ಕೇಳಿದರು. ಅಭ್ಯಾಸಬಲದಿಂದ ಇಬ್ಬರು ಕ್ಷಮೆಯನ್ನೂ ಬೇಡಿದರು. ಹಾರನ್ನಿಗೆ ತಿಳಿಯಿತು. ಕೈ ಸ್ಟೇರಿಂಗಿನ ಮೇಲೆ ಹಾಗೇ ಉಳಿಯಿತು. ಆಮೇಲೆ ಎರಡು ಸಲ ಹಾರನ್ ಹೊಡೆದ.

ಮಾರನೆಯ ಬೆಳಿಗ್ಗೆ ಕೌಂಟರಿನಿಂದ ಆಕೆ ಅವನಿಗೆ ಫೋನ್ ಮಾಡಿದಳು. ನಾನು ಆಗ ಅಲ್ಲೇ ಇದ್ದೆ. ಬಸ್ಸಿನಲ್ಲಿ ಬಿಟ್ಟ ನನ್ನ ಕೊಡೆ ಕೇಳಲು ಹೋಗಿದ್ದೆ. ಆಕೆ ಸ್ಪೀಕರ್ ಹಾಕಿದಳು.

'ಅಮ್ಮಾ, ನಾವೆಲ್ಲ ಒಂದು ಕುಟುಂಬ ಅಲ್ವಾ?'

'ಹೌದಪ್ಪಾ. ಅದಕ್ಕೇ ಮನೆಯವಳ ಹಾಗೆ ಕೇಳ್ತಿದ್ದೀನಿ. ಹದಿನಾಲ್ಕು ತಿಂಗಳ ಹಿಂದೆ ಹೇಳಿದ ಮಾತು ಏನಾಯ್ತು?'

'ಖರ್ಚು ಜಾಸ್ತಿ ಇದೆ ಅಮ್ಮಾ. ಮುಂದಿನ ತಿಂಗಳು ನೋಡೋಣ. ನೀವು ನನಗೆ ಹೆತ್ತ ತಾಯಿ ಇದ್ದ ಹಾಗೆ.'

'ಹೆತ್ತ ತಾಯಿಗೆ ಸುಳ್ಳು ಹೇಳಬಹುದು ಅಂತ ಯಾರು ಹೇಳಿಕೊಟ್ರು ನಿನಗೆ? ಕೊಡೋಕೆ ಆಗಲ್ಲ ಅಂದ್ರೆ ಆಗಲ್ಲ ಅನ್ನು. ನಾನು ಪುಕ್ಕಟೆ ಮಾಡ್ತೀನೋ ಇಲ್ವೋ ನಾನು ಹೇಳ್ತೀನಿ. ನಾನು ಬೇಡ ಅಂದೆ ಅಂತ ಊರಿಗೆಲ್ಲ ಸಾರಬೇಡ.'

'ಅಮ್ಮಾ, ಇದನ್ನ ಚಾಟ್‌ನಲ್ಲಿ ಮಾತ್ರ ಹೇಳಬೇಡಿ ದಯವಿಟ್ಟು.'

'ಐದು ಜನದ್ದೂ ಕೊಡೋವರೆಗೆ ರೈಟ್ ಇಲ್ಲ' ಅಂದಳು. ಫೋನ್ ಇಟ್ಟಳು. ನನ್ನ ಕೊಡೆ ತೆಗೆದು 'ಹಿಡಿ ಯಾವ ಬಣ್ಣ?' ಅಂತ ಕೇಳಿದಳು. ನನಗೇ! 'ಕಂದು' ಅಂದೆ. 'ಸಹಿ ಹಾಕಿ' ಅಂದಳು. ಚೀಟಿ ಆಕೆಯ ಕೈಯಿಂದ ಎರಡು ಸಲ ಕೆಳಗೆ ಬಿತ್ತು.

ಮೊದಲನೆಯ ದಿನ. ನಾಲ್ಕು ಗಂಟೆಗೆ ಹಾರನ್ ಬಂದ, ಎಂಜಿನ್ ಚಾಲೂ ಮಾಡಿದ, ಕಾದ. ರೈಟ್ ಬರಲಿಲ್ಲ. ಬಂದದ್ದು ಇಷ್ಟು: 'ಹೋಲ್ಡಾನ್. ಕಾವಲಿನ ಐದು ಜನಕ್ಕೆ ಹದಿನಾಲ್ಕು ತಿಂಗಳ ಸಂಬಳ ಬಾಕಿ.' ಪ್ರಯಾಣಿಕರು ಕುಣಿದರು. ಹೋಲ್ಡಾನ್ ಹೋಲ್ಡಾನ್ ಅಂತ ಸಾವಿರ ಸಲ ಬರೆದರು. 'ಅಮ್ಮನ ಪರ ನಾವಿದ್ದೇವೆ' ಅಂತ ಎಲ್ಲರಿಗಿಂತ ಮೊದಲು ಬರೆದವನು ಹಿಂದಿನ ಸೀಟು ಅನ್ನುವವನು. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸದ ಪ್ರಯಾಣಿಕ. ಹಾರನ್ ಪೆಚ್ಚಾಗಿ ನಕ್ಕ, ಇಪ್ಪತ್ತು ನಿಮಿಷ ಕಾದು, ರೈಟ್ ಇಲ್ಲದೆಯೇ ಬಸ್ಸು ಬಿಟ್ಟ.

ಸಂಜೆ ಆಕೆ ನನಗೆ ಫೋನ್ ಮಾಡಿದಳು, ದನಿಯಲ್ಲಿ ಹುರುಪು. 'ನೋಡಿದ್ರಾ ಅಣ್ಣಾ? ಎಷ್ಟು ಜನ!' ನಾನು ಮೂರನೆಯ ದಿನ ಮಾತಾಡೋಣ ಅಂದೆ. ನಾನು ಕಂಡ ಸ್ಟ್ರೈಕುಗಳೆಲ್ಲ ಮೂರನೆಯ ದಿನ ಬಣ್ಣ ಬಿಟ್ಟಿವೆ.

ಎರಡನೆಯ ದಿನ ಐವರೂ ಕಾವಲು ಬಿಟ್ಟರು. ಗುಡಿಸುವವರಿಲ್ಲದ ಬಸ್ ನಿಲ್ದಾಣ ಒಂದು ದಿನಕ್ಕೆ ಹೇಗಾಗುತ್ತದೋ ಹಾಗಾಯಿತು. ಹಾರನ್ ತನ್ನ ಪ್ರಯಾಣಿಕರನ್ನು ಮೊದಲ ಸಲ ಕಣ್ಣಾರೆ ಕಂಡದ್ದು ಅವತ್ತು. ಅವನ ತಾಯಿಯ ಬಗ್ಗೆ ಯಾರೋ ಬರೆದದ್ದನ್ನು ಅರ್ಧ ಜೋರಾಗಿ ಓದಿದ, ಅರ್ಧಕ್ಕೆ ನಿಲ್ಲಿಸಿದ. ನಲವತ್ತು ನಿಮಿಷಕ್ಕೆ ಲೈವ್ ಮುಚ್ಚಿ ಹೋದ.

ಮೂರನೆಯ ದಿನ ಕೌಂಟರಿಗೆ ನಲವತ್ತು ದಾಟಿದ ಒಬ್ಬ ಗಂಡಸು ಬಂದ. ಔಷಧಿ ಅಂಗಡಿಯ ಹೆಸರಿದ್ದ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

'ಏನು ಕಳ್ಕೊಂಡ್ರಿ?' ಅಂದಳು ಕಂಡಕ್ಟರಮ್ಮ, ತಲೆಯೆತ್ತದೆ.

'ನನ್ನ ನಾಲ್ಕು ಗಂಟೆ.'

ಆಕೆ ತಲೆಯೆತ್ತಿದಳು. 'ಯಾರಪ್ಪಾ ನೀನು?'

'ಹಿಂದಿನ ಸೀಟು.'

ಕೌಂಟರಿನ ಕಥೆಗಳನ್ನೆಲ್ಲ ಆಕೆಯೇ ಚಾಟಿನಲ್ಲಿ ಹೇಳಿಕೊಳ್ಳುತ್ತಿದ್ದಳು, ಹಾಗಾಗಿ ಹುಡುಕುವುದು ಕಷ್ಟವಾಗಿರಲಿಲ್ಲ. ಆಕೆ ಸ್ಟೂಲು ತಳ್ಳಿದಳು. ಅವನು ಕೂರಲಿಲ್ಲ.

'ಅಮ್ಮಾ, ನಾನು ಚಾನೆಲ್ಲಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋ ಪ್ರಯಾಣಿಕ. ಅಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತು ನಿಂತು ಕಾಲು ಬಿದ್ದುಹೋಗಿರುತ್ತೆ. ಮನೆಗೆ ಬಂದ್ರೆ ಅದೊಂದೇ ಇರೋದು ನನಗೆ. ನೀವು ಅದನ್ನ ಹಾಳು ಮಾಡ್ತಿದ್ದೀರಿ.'

'ಮೊನ್ನೆ ನನ್ನ ಪರ ಅಂದೆ?'

'ಮೊನ್ನೆ ಒಂದು ದಿನ ಅಂದ್ಕೊಂಡಿದ್ದೆ. ಹೀಗೆ ಎಳೀತೀರಿ ಅಂತ ಗೊತ್ತಿರಲಿಲ್ಲ. ಪ್ರೀತಿ ಇದ್ದವರು ದುಡ್ಡು ಕೇಳ್ತಾರಾ ಅಮ್ಮಾ?'

ಕಂಡಕ್ಟರಮ್ಮ ಅವನನ್ನೇ ನೋಡಿದಳು. 'ಒಂದು ಮಾತು ಹೇಳು. ಅವನು ನಾಳೆಯಿಂದ ಲಾರಿ ಓಡಿಸಿದ್ರೆ ಇರ್ತೀಯಾ?'

'ಅದು ಬೇರೆ ವಿಷಯ.'

'ಹೋದ ಸಲ ಲಾರಿ ಓಡಿಸಿದಾಗ ನೀನು ಏನು ಬರೆದೆ ಅಂತ ನೆನಪಿದ್ಯಾ? ನನಗಿದೆ. ಅಳಿಸಿದವಳು ನಾನೇ.'

ಅವನ ಕಿವಿ ಕೆಂಪಾಯಿತು.

'ಬಸ್ಸೇ ಓಡಿಸಬೇಕು ಅಂತ ನಿನ್ನ ಷರತ್ತು. ನಾಲ್ಕಕ್ಕೆ ಸರಿಯಾಗಿ ಬರಬೇಕು ಅಂತ ಷರತ್ತು. ನಿನ್ನ ಹೆಸರು ಕೂಗಬೇಕು ಅಂತ ಷರತ್ತು. ತಪ್ಪೇನಿಲ್ಲಪ್ಪಾ, ದುಡ್ಡು ಕಟ್ತೀಯ, ಷರತ್ತು ಹಾಕು. ಇಷ್ಟು ಜನರ ಷರತ್ತಿನ ನಡುವೆ ನಾನೊಬ್ಬಳು ಷರತ್ತಿಲ್ಲದೆ ಇರಬೇಕಾ? ಯಾವ ಸೀಮೆ ನ್ಯಾಯ ಇದು?'

ಅವನು ಒಂಟಿ ಚಪ್ಪಲಿಗಳ ಸಾಲಿನತ್ತ ತಿರುಗಿದ. 'ನೀವಿಲ್ಲ ಅಂದ್ರೆ ನನ್ನನ್ನ ಹತ್ತಿದ್ಯಾ ಅಂತ ಕೇಳೋರು ಯಾರೂ ಇಲ್ಲ' ಅಂದ.

'ಹಾಗಾದ್ರೆ ಅದು ಕೆಲಸ ಅಂತ ಈಗ ಗೊತ್ತಾಯ್ತಲ್ಲ. ಹೋಗಿ ಅವನಿಗೆ ಹೇಳು.'

ಅವನು ಹೇಳಲಿಲ್ಲ. ಸಂಜೆ ಚಾಟಿನಲ್ಲಿ 'ಮುದುಕಿ ಜಾಗ ಬಿಡಲಿ' ಅನ್ನುವ ಸಾಲು ಶುರುವಾದಾಗ ಹಿಂದಿನ ಸೀಟು ಪರವೂ ಬರೆಯಲಿಲ್ಲ, ವಿರುದ್ಧವೂ ಬರೆಯಲಿಲ್ಲ. ಕೂತಿದ್ದ, ಅಷ್ಟೆ. ಆ ದಿನ ಬಂದ ಬೈಗುಳಗಳನ್ನು ಕಂಡಕ್ಟರಮ್ಮ ಓದಿದಳು, ಒಂದನ್ನೂ ಅಳಿಸಲಿಲ್ಲ. ಅಳಿಸುವ ಅಧಿಕಾರ ಆಗಲೂ ಆಕೆಯ ಕೈಯಲ್ಲೇ ಇತ್ತು. 'ಸ್ಟ್ರೈಕಿನಲ್ಲಿ ಕೆಲಸ ಮುಟ್ಟಬಾರದು ಅಣ್ಣಾ' ಅಂದಳು. ನಾನು ಎಷ್ಟೋ ನಾಯಕರನ್ನು ಕಂಡಿದ್ದೇನೆ, ತಮ್ಮ ಹೆಸರು ಬಂದಾಗ ಇಷ್ಟು ಕೈ ಬಿಗಿ ಹಿಡಿದವರನ್ನು ಕಂಡಿಲ್ಲ.

ನಾಲ್ಕನೆಯ ದಿನ ಹಾರನ್ ಹುಷಾರಾಗಿದ್ದ. ಕಾವಲಿನವರಲ್ಲಿ ಮೂವರಿಗೆ ಗುಟ್ಟಾಗಿ ಒಂದೊಂದು ತಿಂಗಳ ಹಣ ಕಳಿಸಿದ್ದ; ಮೂವರೂ ಮರಳಿದರು. ಅವರನ್ನು ನಾನು ಬೈಯುವುದಿಲ್ಲ, ಒಬ್ಬನ ಮನೆಯಲ್ಲಿ ಬಾಡಿಗೆಗೂ ಇರಲಿಲ್ಲ. ನರ್ಸ್ ಮರಳಲಿಲ್ಲ. 'ರೈಟ್ ರೈಟ್' ಅನ್ನಲು ಹಾರನ್ ಒಂದು ಪ್ರೋಗ್ರಾಂ ಹಾಕಿಸಿದ್ದ. ಸರಿಯಾಗಿ ನಾಲ್ಕಕ್ಕೆ ಅದು ತಾನಾಗಿಯೇ ರೈಟ್ ಕೊಟ್ಟಿತು; ಹಾರನ್ ಆಗ ಇನ್ನೂ ಸೀಟಿನಲ್ಲಿ ಕೂತೇ ಇರಲಿಲ್ಲ. ಖಾಲಿ ಸೀಟಿಗೆ ರೈಟ್ ಬಿತ್ತು. ಐದು ನಿಮಿಷದ ಮೇಲೆ ಕಂಡಕ್ಟರಮ್ಮನ ಹೆಸರಿನ ಪಕ್ಕದಲ್ಲಿದ್ದ ಕಾವಲಿನ ಗುರುತು ಹೋಯಿತು. ಯಾರೂ ಹೇಳಿ ತೆಗೆಯಲಿಲ್ಲ. ಒಗೆದ ಬಟ್ಟೆಯಿಂದ ಕಲೆ ಹೋದ ಹಾಗೆ ಹೋಯಿತು.

ಆಕೆ ಫೋನನ್ನು ಮಗುಚಿಟ್ಟು, ಮಂಡಿಯ ಬಿಸಿನೀರಿನ ಚೀಲ ಬಿಚ್ಚಿ ತಣ್ಣಗಾದ ನೀರನ್ನು ಬಚ್ಚಲಿಗೆ ಚೆಲ್ಲಿ ಬಂದಳು. 'ಏನು ಅಡುಗೆ ಮಾಡ್ಲಿ?' ಅಂತ ಗಂಡನನ್ನು ಕೇಳಿದಳು. ನಾಲ್ಕು ವರ್ಷದಲ್ಲಿ, ಬಸ್ಸು ಓಡುವ ದಿನ, ಸಂಜೆ ಐದಕ್ಕೆ ಆ ಮನೆಯಲ್ಲಿ ಒಲೆ ಹೊತ್ತಿದ್ದು ಅದೇ ಮೊದಲು.

ಗಂಡ ಮಾತ್ರ ನೋಡುವುದನ್ನು ಬಿಡಲಿಲ್ಲ. 'ನಾನು ಸ್ಟ್ರೈಕ್ ಮಾಡಿಲ್ಲಪ್ಪಾ, ನನಗೆ ಬಸ್ಸು ಇಷ್ಟ' ಅಂದ. ಆಕೆಯೂ ತಡೆಯಲಿಲ್ಲ. ಎರಡು ವಾರದ ನಂತರ ನಾನು ಅಲ್ಲಿದ್ದಾಗಲೇ ನಡೆದದ್ದು ಇದು. ಒಳಕೋಣೆಯಲ್ಲಿ ಗಂಡನ ಫೋನಿನಿಂದ ಎಂಜಿನ್ನಿನ ಸದ್ದು. ಆಕೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ನಿಂತಿತು.

'ಏನ್ರೀ, ಬ್ರೇಕಿನ ಸದ್ದು ಬರಲಿಲ್ಲ. ಸ್ಟಾಪ್‌ನಲ್ಲಿ ಯಾರಾದ್ರೂ ಇದ್ರಾ?'

'ಇದ್ರು ಕಣೇ. ಅಜ್ಜಿ. ಬಿಟ್ಟು ಹೋದ.'

'ಯಾರೂ ಏನೂ ಅನ್ನಲಿಲ್ವಾ?'

'ಇಲ್ಲ... ತಡಿ. ಯಾರೋ ಚುಕ್ಕಿ ಇಟ್ಟಿದ್ದಾನೆ.'

'ಯಾರು?'

'ಹಿಂದಿನ ಸೀಟು. ಇನ್ನೊಬ್ಬ ಇಟ್ಟ. ಕಿಟಕಿ ಪಕ್ಕ. ಏಳು, ಎಂಟು... ಹನ್ನೊಂದು ಚುಕ್ಕಿ ಕಣೇ.'

ನಾನು ಎದ್ದು ಒಳಕೋಣೆಯ ಬಾಗಿಲಿಗೆ ಹೋಗಿ ಇಣುಕಿದೆ, ಸುಳ್ಳು ಹೇಳುವುದಿಲ್ಲ. ಆಕೆ ಮತ್ತೆ ಚಾಕು ಹಿಡಿದಳು.

'ಬಸ್ಸು ನಿಲ್ತಾ?'

'ಇಲ್ಲ.'

'ನಿಲ್ಲಲ್ಲ. ಕಣ್ಣು ಬಿಟ್ಟಿದ್ದಾಯ್ತು, ಇನ್ನು ಬಾಯಿ ಬಿಡಬೇಕು. ಅದನ್ನ ನಾನು ಎಷ್ಟು ಸಲ ಹೇಳಿಕೊಟ್ಟಿದ್ದೀನಿ ಅವರಿಗೆ.' ಈರುಳ್ಳಿಯನ್ನು ಬಾಣಲೆಗೆ ಹಾಕಿದಳು.

ಇದನ್ನು ಬರೆಯುವ ಹೊತ್ತಿಗೂ ಆ ಹಣ ಬಂದಿಲ್ಲ. ನಮ್ಮ ಸಂಘ ಹೋದ ತಿಂಗಳು ಆಕೆಗೆ ಕಮಿಟಿಯಲ್ಲಿ ಕುರ್ಚಿ ಕೊಟ್ಟಿದೆ. ಹದಿನೆಂಟು ವರ್ಷ ತಡವಾಗಿ. ಆಕೆ ಬಂದು ಕೂತಳು. ಸಭೆ ಮುಗಿದಾಗ ಲೋಟಗಳತ್ತ ಒಮ್ಮೆ ನೋಡಿದಳು, ನಮ್ಮತ್ತ ಒಮ್ಮೆ ನೋಡಿದಳು. ನಾವೇ ತೊಳೆದೆವು.

ಈಗ ನಿಮ್ಮ ಸರದಿ. ಇದನ್ನು ಓದುತ್ತಿರುವ ನೀವೂ ದಿನಾ ಯಾವುದೋ ಒಂದು ಲೈವ್ ಹತ್ತುತ್ತೀರಿ. ಹಾಡುವವನದೋ, ಆಟವಾಡುವವಳದೋ, ಬರೀ ಹರಟುವವನದೋ. ಅಲ್ಲಿ ನಿಮಗೆ ಹೊಲಸು ಕಾಣುತ್ತಿಲ್ಲ ಅಂದರೆ ಯಾರೋ ಅದನ್ನು ನಿಮಗಿಂತ ಮೊದಲು ಓದಿ ಎತ್ತುತ್ತಿದ್ದಾರೆ. ಇವತ್ತು ಸಂಜೆ ಹೃದಯ ಕಳಿಸುವ ಮೊದಲು ಎಲ್ಲರೂ ಓದುವ ಹಾಗೆ ಒಂದು ಸಾಲು ಬರೆಯಿರಿ: 'ಇಲ್ಲಿ ಕಾವಲು ಕಾಯುವವರಿಗೆ ಸಂಬಳ ಕೊಡ್ತಿದ್ದೀಯಾ? ಎಷ್ಟು? ಯಾವಾಗಿನಿಂದ?' ಉತ್ತರ ಬರುವವರೆಗೆ ಮತ್ತೆ ಮತ್ತೆ ಬರೆಯಿರಿ. ಮೂರು ದಿನಕ್ಕೆ ಸುಸ್ತಾಗಬೇಡಿ. ಉತ್ತರ ಬರದಿದ್ದರೆ ಬಾಗಿಲು ಎಲ್ಲಿದೆ ಅಂತ ನಿಮಗೆ ಗೊತ್ತು. ಇಳಿಯಿರಿ.